ಪಂಪ್ಕಿನ್ ಪೈ ತಳ ಹಸಿಯಾಗಿದೆಯಾ? ಮೊದಲು ತಟ್ಟೆ ಎತ್ತಿ ನೋಡಿ

ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ. ಇಲ್ಲಿಂದ ಹತ್ತು ಮೈಲಿ ಆಚೆ ಮಾರ್ಟನ್ ಅಂತ ಒಂದು ಊರು. ಈ ದೇಶದ ಅಂಗಡಿಗಳಲ್ಲಿ ಸಿಗುವ ಡಬ್ಬಿ ಕುಂಬಳಕಾಯಿ ಬಹುಪಾಲು ಈ ಸುತ್ತಿನ ಹೊಲಗಳಲ್ಲೇ ಬೆಳೆಯುತ್ತದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಮಾರ್ಟನ್‌ನಲ್ಲಿ ಕುಂಬಳಕಾಯಿ ಹಬ್ಬವೂ ಆಗುತ್ತದೆ. ಇಂಥ ಕಡೆ ಇದ್ದುಕೊಂಡು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಪಂಪ್ಕಿನ್ ಪೈ (ಹಿಟ್ಟಿನ ತಳದ ಮೇಲೆ ಕುಂಬಳಕಾಯಿ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ಸಿಹಿ) ಮಾಡದೆ ಇರಲು ಮನಸ್ಸಾಗಲಿಲ್ಲ.

ಮೊದಲ ಸಲ ಮಾಡಿದ್ದನ್ನು ಪಕ್ಕದ ಮನೆಯ ಊಟಕ್ಕೆ ತೆಗೆದುಕೊಂಡು ಹೋದೆ. ಮೇಲಿನಿಂದ ನೋಡಲು ಚೆಂದವಿತ್ತು. ಚಾಕು ಹಾಕಿ ತುಂಡು ಎತ್ತಿದರೆ ಹೂರಣ ಮಾತ್ರ ಎದ್ದು ಬಂತು, ತಳ ತಟ್ಟೆಯಲ್ಲೇ ಉಳಿಯಿತು. ಬೆಳ್ಳಗೆ, ಒದ್ದೆಯಾಗಿ, ಬೇಯದ ಚಪಾತಿ ಹಿಟ್ಟಿನ ಹಾಗೆ. ಆಗ ನಮ್ಮ ಅತ್ತೆ ಶಿವಮೊಗ್ಗದಿಂದ ಬಂದಿದ್ದರು. ಅವರು ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ರುಚಿ ನೋಡಲಿಲ್ಲ. ಮನೆಗೆ ವಾಪಸ್ ತಂದ ತಟ್ಟೆಯನ್ನು ಸುಮ್ನೆ ಬಗ್ಗಿ ನೋಡಿ, "ತಳ ಬೆಂದೇ ಇಲ್ಲ ಕಣಮ್ಮ. ಕಾವಲಿ ಕಾದಿರಲಿಲ್ವೇನೋ" ಅಂದರು. ಓವನ್ ಬಗ್ಗೆ ಏನೂ ಗೊತ್ತಿಲ್ಲದ ಅವರು ಹೇಳಿದ ಆ ಮಾತೇ ಸರಿಯಾದ ಉತ್ತರವಾಗಿತ್ತು. ನನಗೆ ಅದು ಅರ್ಥವಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ತೊಂದರೆ ಎಲ್ಲಿಂದ ಶುರು

ಹೋಳಿಗೆ ಮಾಡುವವರಿಗೆ ಇದನ್ನು ಹೇಳುವುದು ಸುಲಭ. ಪೈ ಕ್ರಸ್ಟ್ ಅಂದರೆ ಕಣಕ, ಒಳಗಿರುವುದು ಹೂರಣ. ಹೋಳಿಗೆಯಲ್ಲಿ ಹೂರಣ ಮೊದಲೇ ಬೆಂದಿರುತ್ತದೆ, ಗಟ್ಟಿಯಾಗಿರುತ್ತದೆ. ಕಾವಲಿ ಮೇಲೆ ಬೇಯಬೇಕಾದ್ದು ಕಣಕ ಒಂದೇ. ಪಂಪ್ಕಿನ್ ಪೈಯಲ್ಲಿ ಎರಡೂ ಹಸಿ. ಅದೂ ಹೂರಣ ದೋಸೆ ಹಿಟ್ಟಿನಷ್ಟು ತೆಳ್ಳಗೆ. ಹಸಿ ಕಣಕದ ಮೇಲೆ ಆ ನೀರನ್ನು ಸುರಿದು, ಎರಡೂ ಒಟ್ಟಿಗೆ ಬೇಯಲಿ ಅಂತ ಕಾಯುತ್ತೇವೆ.

ಆದರೆ ಎರಡಕ್ಕೂ ಬೇಕಾದ ಶಾಖ ಬೇರೆ ಬೇರೆ. ಕಣಕ ಗರಿಗರಿಯಾಗಲು ಓವನ್ 400 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಇರಬೇಕು, ಅಂದರೆ ಸುಮಾರು 200 ಸೆಲ್ಸಿಯಸ್. ಹಿಟ್ಟಿನಲ್ಲಿರುವ ನೀರೂ ಆರಬೇಕು. ಹೂರಣ ಮೊಟ್ಟೆಯಿಂದ ಗಟ್ಟಿಯಾಗುವ ಪದಾರ್ಥ. ಅದರ ನಡುಭಾಗ 175 ಫ್ಯಾರನ್‌ಹೀಟ್, ಅಂದರೆ 80 ಸೆಲ್ಸಿಯಸ್ ಮುಟ್ಟಿದರೆ ಸಾಕು, ಮುಗಿಯಿತು. ಅದಕ್ಕಿಂತ ಜಾಸ್ತಿ ಆದರೆ ಕೆಡುತ್ತದೆ. ಹೂರಣ ಆಗುವ ಹೊತ್ತಿಗೆ ಅದರ ಕೆಳಗೆ ಒದ್ದೆಯಲ್ಲಿ ಕೂತ ಕಣಕ ಇನ್ನೂ ಹಸಿ. ಕಣಕ ಬೇಯಲಿ ಅಂತ ಬಿಟ್ಟರೆ ಹೂರಣ ಬಿರುಕು ಬಿಡುತ್ತದೆ. ಒಂದೇ ಸಲಕ್ಕೆ ಎರಡನ್ನೂ ಬೇಯಿಸುತ್ತೇನೆ ಅಂದರೆ ಒಂದನ್ನು ಕಳೆದುಕೊಳ್ಳಲೇಬೇಕು.

ಡಬ್ಬಿ ಮೇಲಿನ ರೆಸಿಪಿಗಳಲ್ಲಿ ಸಾಮಾನ್ಯವಾಗಿ ಹಸಿ ಕ್ರಸ್ಟಿಗೇ ಹೂರಣ ಸುರಿಯಲು ಹೇಳಿರುತ್ತದೆ. ಮೊದಲು 15 ನಿಮಿಷ 425 ಡಿಗ್ರಿ (ಇನ್ನು ಮುಂದೆ ಹೇಳುವ ಡಿಗ್ರಿಯೆಲ್ಲ ಫ್ಯಾರನ್‌ಹೀಟ್), ಆಮೇಲೆ 350ಕ್ಕೆ ಇಳಿಸಿ 40ರಿಂದ 50 ನಿಮಿಷ. ಕೆಲವು ಓವನ್‌ಗಳಲ್ಲಿ ಅಷ್ಟಕ್ಕೇ ತಳ ಬೇಯುತ್ತದೆ. ನನ್ನದರಲ್ಲಿ ಒಮ್ಮೆಯೂ ಬೇಯಲಿಲ್ಲ.

ಯಾವ ಥರದ ಹಸಿ?

"ತಳ ಮೆತ್ತಗಾಗಿದೆ" ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ದೋಷಗಳಿವೆ. ಗಾಜಿನ ತಟ್ಟೆಯಾದರೆ ಎತ್ತಿ ಕೆಳಗಿನಿಂದ ನೋಡಿ. ಲೋಹದ ತಟ್ಟೆಯಾದರೆ ಒಂದು ತುಂಡು ತೆಗೆದು ಮಗುಚಿ ನೋಡಿ.

ತಳ ಬೆಳ್ಳಗಿದ್ದು, ಹೂರಣಕ್ಕೂ ಕಣಕಕ್ಕೂ ನಡುವೆ ಗಂಜಿಯಂಥ ಗೆರೆ ಕಂಡರೆ, ಬಾಯಲ್ಲಿ ಅಂಗುಳಕ್ಕೆ ಅಂಟಿದರೆ, ಅದು ಬೇಯದ ಹಿಟ್ಟು. ಕೆಳಗಿನಿಂದ ಶಾಖ ಸಾಲಲಿಲ್ಲ ಅಂತಲೇ ಅರ್ಥ.

ತಳಕ್ಕೆ ಒಳ್ಳೆಯ ಕಂದು ಬಣ್ಣ ಬಂದಿದೆ, ಆದರೆ ಬಾಗುತ್ತದೆ, ಗರಿ ಇಲ್ಲ ಅಂದರೆ ಕಣಕ ಬೆಂದಿತ್ತು, ಆಮೇಲೆ ನೀರು ಕುಡಿದಿದೆ. ಇಲ್ಲಿ ನೋಡಬೇಕಾದ್ದು ಹೂರಣದ ನೀರಿನಂಶ, ಅಥವಾ ಪೈಯನ್ನು ನೀವು ಇಟ್ಟ ರೀತಿ.

ಕೆಲವು ಕಡೆ ಮಾತ್ರ ತಟ್ಟೆಗೆ ಕಚ್ಚಿಕೊಂಡಿದೆ, ಅಲ್ಲಿ ಸಕ್ಕರೆ ಕಪ್ಪಗೆ ಹತ್ತಿದೆ ಅಂದರೆ ಹೂರಣ ಸೋರಿ ಕಣಕದ ಕೆಳಗೆ ಇಳಿದಿದೆ. ಕ್ರಸ್ಟಿನಲ್ಲಿ ಎಲ್ಲೋ ಬಿರುಕಿತ್ತು, ಇಲ್ಲವೇ ಫೋರ್ಕಿನಿಂದ ಚುಚ್ಚಿದ ತೂತು ಹಾಗೇ ಉಳಿದಿತ್ತು.

ಇದನ್ನು ನೋಡದೆ ರೆಸಿಪಿ ಬದಲಿಸುತ್ತಾ ಹೋದರೆ ಪ್ರಯೋಜನವಿಲ್ಲ. ನಾನು ಎರಡು ವರ್ಷ ಹೂರಣದ ಅಳತೆ ತಿದ್ದುತ್ತಾ ಕೂತಿದ್ದೆ. ತಪ್ಪೆಲ್ಲ ಕೆಳಗಿತ್ತು.

ತಳ ಬೇಯದಿದ್ದರೆ: ಕಣಕವನ್ನು ಮೊದಲೇ ಬೇಯಿಸಿ

ಇದನ್ನು ಇಲ್ಲಿ ಬ್ಲೈಂಡ್ ಬೇಕಿಂಗ್ ಅಂತಾರೆ. ಹೂರಣ ಹಾಕುವ ಮೊದಲು ಖಾಲಿ ಕ್ರಸ್ಟನ್ನು ಬೇಯಿಸುವುದು. ಒಂದೇ ಒಂದು ಬದಲಾವಣೆ ಮಾಡಲು ಮನಸ್ಸಿದ್ದರೆ ಇದನ್ನು ಮಾಡಿ.

9 ಇಂಚಿನ ತಟ್ಟೆಗೆ ನನ್ನ ಅಳತೆ ಹೀಗೆ: 160 ಗ್ರಾಂ ಮೈದಾ, ಅರ್ಧ ಟೀ ಚಮಚ ಉಪ್ಪು, ಒಂದು ಚಮಚ ಸಕ್ಕರೆ, 113 ಗ್ರಾಂ ತಣ್ಣನೆ ಬೆಣ್ಣೆ (ಇಲ್ಲಿ ಅದು ಒಂದು ಸ್ಟಿಕ್), ಮೂರರಿಂದ ನಾಲ್ಕು ದೊಡ್ಡ ಚಮಚ ಐಸ್ ನೀರು. ಲಟ್ಟಿಸಿದಾಗ ಸುಮಾರು 3 ಮಿಲಿಮೀಟರ್ ದಪ್ಪ ಇರಲಿ. ಅದಕ್ಕಿಂತ ದಪ್ಪವಾದರೆ ಏನು ಮಾಡಿದರೂ ತಳ ತಡವಾಗುತ್ತದೆ. ತಟ್ಟೆಗೆ ಹಾಸಿ, ಅಂಚು ಕಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಆಮೇಲೆ ಬೇಕಿಂಗ್ ಪೇಪರನ್ನು ಮುದುಡಿ, ಬಿಡಿಸಿ, ಮೂಲೆಗಳಿಗೆ ಚೆನ್ನಾಗಿ ಕೂರುವ ಹಾಗೆ ಹಾಸಿ. ಅದರ ಮೇಲೆ ಭಾರ ಬೇಕು. ಅಂಗಡಿಯಲ್ಲಿ ಇದಕ್ಕೆಂದೇ ಪಿಂಗಾಣಿ ಗುಂಡುಗಳು ಸಿಗುತ್ತವೆ. ನಾನು ಹಳೆಯ ರಾಜ್ಮಾ ಕಾಳು ಹಾಕುತ್ತೇನೆ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ: ಒಂದು ಹಿಡಿ ಕಾಳು ತಳಕ್ಕೆ ಚೆಲ್ಲಿ ಬಿಡುತ್ತಾರೆ. ಹಾಗೆ ಮಾಡಿದರೆ ತಳ ನಿಲ್ಲುತ್ತದೆ, ಗೋಡೆ ಜಾರುತ್ತದೆ. ಕಾಳು ಅಂಚಿನವರೆಗೂ ತುಂಬಬೇಕು. ಹತ್ತಿರ ಹತ್ತಿರ ಒಂದು ಕಿಲೋ ಬೇಕಾಗುತ್ತದೆ. ಆ ಕಾಳನ್ನು ಮತ್ತೆ ಬೇಯಿಸಿ ತಿನ್ನಲಾಗದು ಅಂದಾಗ ಅತ್ತೆಗೆ ಸಂಕಟವಾಗಿತ್ತು. ಆದರೆ ಹಾಳೇನೂ ಆಗಲ್ಲ. ತಣ್ಣಗಾದ ಮೇಲೆ ಡಬ್ಬಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ ಇಡಿ. ನನ್ನ ಡಬ್ಬಿಯದು ಆರನೇ ವರ್ಷ.

400 ಡಿಗ್ರಿಯಲ್ಲಿ 20 ನಿಮಿಷ. ಅಂಚು ಸ್ವಲ್ಪ ಬಣ್ಣ ತಿರುಗಿದಾಗ ಪೇಪರಿನ ಮೂಲೆ ಎತ್ತಿ ನೋಡಿ. ತಳ ಹೊಳೆಯುತ್ತಾ, ಒದ್ದೆ ಗೋಡೆಯ ಬೂದು ಬಣ್ಣದಲ್ಲಿ ಕಂಡರೆ ಇನ್ನೂ ಹಸಿ. ಪೇಪರ್ ಕಣಕಕ್ಕೆ ಅಂಟಿಲ್ಲ, ಸಲೀಸಾಗಿ ಬಿಡುತ್ತಿದೆ ಅಂದರೆ ಕಾಳು ಸಮೇತ ಎತ್ತಿಬಿಡಿ. ಖಾಲಿ ಕ್ರಸ್ಟನ್ನು ಮತ್ತೆ 8ರಿಂದ 12 ನಿಮಿಷ ಒಳಗಿಡಿ. ಹೊಳಪು ಪೂರ್ತಿ ಹೋಗಬೇಕು. ಮೇಲ್ಮೈ ಒಣಗಿ, ಬಿಸ್ಕತ್ತಿನ ತಿಳಿ ಬಣ್ಣಕ್ಕೆ ಬರಬೇಕು. ಕಾಳು ತೆಗೆದ ತಕ್ಷಣ "ಆಯಿತು" ಅಂತ ನಿಲ್ಲಿಸುವುದು ಬಹಳ ಜನ ಮಾಡುವ ಅರ್ಧ ಕೆಲಸ. ಕಾಳಿನ ಕೆಳಗೆ ಕಣಕ ಬೇಯುವುದಕ್ಕಿಂತ ಹೆಚ್ಚಾಗಿ ಆಕಾರ ಹಿಡಿಯುತ್ತದೆ ಅಷ್ಟೆ. ನಿಜವಾದ ಬೇಯುವಿಕೆ ಈ ಎರಡನೇ ಸುತ್ತಿನಲ್ಲಿದೆ.

ತಳ ಉಬ್ಬದಿರಲಿ ಅಂತ ಫೋರ್ಕಿನಿಂದ ಚುಚ್ಚಲು ಹೇಳುತ್ತಾರೆ. ಪಂಪ್ಕಿನ್ ಪೈಗೆ ನಾನು ಚುಚ್ಚುವುದಿಲ್ಲ. ಹೂರಣ ತೆಳ್ಳಗಿರುವುದರಿಂದ ಆ ತೂತಿನಲ್ಲೇ ಇಳಿಯುತ್ತದೆ. ಎರಡನೇ ಸುತ್ತಿನಲ್ಲಿ ಉಬ್ಬಿದರೆ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಬಿರುಕು ಕಂಡರೆ ಉಳಿದ ಹಸಿ ಹಿಟ್ಟಿನ ಚೂರನ್ನು ಅಲ್ಲಿ ತೀಡಿ. ಕೊನೆಗೆ ಬಿಸಿ ಕ್ರಸ್ಟಿನ ಮೇಲೆ ಕದಡಿದ ಮೊಟ್ಟೆಯ ಬಿಳಿ ಭಾಗ ಸವರಿ ಎರಡು ನಿಮಿಷ ಓವನ್‌ನಲ್ಲಿಟ್ಟರೆ ಅದೊಂದು ತೆಳು ಪೊರೆಯಾಗಿ ನೀರನ್ನು ತಡೆಯುತ್ತದೆ.

ಕಾವಲಿ ಕಾಯಬೇಕು

ಈಗ ಅತ್ತೆಯ ಮಾತಿಗೆ ಬರೋಣ. ಕಾಯದ ಕಾವಲಿ ಮೇಲೆ ದೋಸೆ ಹುಯ್ದರೆ ಏನಾಗುತ್ತದೋ ಇಲ್ಲೂ ಅದೇ. ನಾನು ಪೈಯನ್ನು ನಡುವಿನ ರ್ಯಾಕಿನಲ್ಲಿಡುತ್ತಿದ್ದೆ. ಈಗ ಕೆಳಗಿನ ರ್ಯಾಕಿನಲ್ಲಿಡುತ್ತೇನೆ. ಓವನ್ ಹಚ್ಚುವಾಗಲೇ ಅಲ್ಲಿ ಒಂದು ದಪ್ಪ ಬೇಕಿಂಗ್ ಶೀಟ್ ಇಟ್ಟಿರುತ್ತೇನೆ. ಪೈ ಬರುವ ಹೊತ್ತಿಗೆ ಅದು ಕಾದ ಕಾವಲಿ. ಪಿಜ್ಜಾ ಕಲ್ಲಿದ್ದರೆ ಇನ್ನೂ ಒಳ್ಳೆಯದು.

ಓವನ್ "ಬೀಪ್" ಅಂದ ಕೂಡಲೇ ಒಳಗಿಡಬೇಡಿ. ಆಗ ಗಾಳಿ ಮಾತ್ರ ಕಾದಿರುತ್ತದೆ. ಗೋಡೆ, ಶೀಟ್, ರ್ಯಾಕ್ ಕಾಯಲು ಇನ್ನೂ 20 ನಿಮಿಷ ಬೇಕು. ಒಂದು ಓವನ್ ಥರ್ಮಾಮೀಟರ್ ಒಳಗೆ ನೇತು ಹಾಕಿ. ನಮ್ಮ ಮನೆಯ ಓವನ್ 400 ಅಂತ ತೋರಿಸುವಾಗ ಒಳಗೆ 365 ಇತ್ತು. ಅಷ್ಟು ವ್ಯತ್ಯಾಸ ಸಾಕು ತಳ ಹಸಿಯಾಗಲು.

ತಟ್ಟೆಯದೂ ಪಾತ್ರವಿದೆ. ಅಲ್ಯೂಮಿನಿಯಂ ಬೇಗ ಕಾಯುತ್ತದೆ. ಪಿಂಗಾಣಿ ತಟ್ಟೆ ನೋಡಲು ಸುಂದರ, ಶಾಖ ಹಿಡಿಯುವುದು ಬಲು ನಿಧಾನ. ಗಾಜು ನಡುವೆ. ಆದರೆ ತಳದ ಬಣ್ಣ ಕಾಣುತ್ತದಲ್ಲ, ಕಲಿಯುವವರಿಗೆ ಗಾಜಿನಂಥ ಗುರು ಬೇರೆ ಇಲ್ಲ. ಒಂದು ಎಚ್ಚರಿಕೆ: ಫ್ರೀಜರ್‌ನಿಂದ ತೆಗೆದ ಗಾಜಿನ ತಟ್ಟೆಯನ್ನು ಬಿಸಿ ಓವನ್‌ಗೆ ಇಡಬೇಡಿ, ಕಾದ ಶೀಟಿನ ಮೇಲಂತೂ ಬೇಡವೇ ಬೇಡ. ಒಡೆದು ಸಿಡಿಯಬಹುದು. ಗಾಜಾದರೆ ಹಿಟ್ಟನ್ನು ಫ್ರಿಜ್‌ನಲ್ಲಿ ಮಾತ್ರ ತಣ್ಣಗೆ ಮಾಡಿ, ಹೊರಗೆ ಸ್ವಲ್ಪ ಹೊತ್ತು ಬಿಟ್ಟು, ನೇರ ರ್ಯಾಕಿನ ಮೇಲಿಡಿ. ಕಾದ ಶೀಟಿನ ಉಪಾಯ ಲೋಹದ ತಟ್ಟೆಗೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಮಾಡುವವರು ಖಾಲಿ ಕ್ರಸ್ಟಿಗೆ ಮೇಲಿನ, ಕೆಳಗಿನ ರಾಡ್ ಎರಡೂ ಹಾಕಿ. ಹೂರಣ ಹಾಕಿದ ಮೇಲೆ ಮೇಲ್ಭಾಗ ಬೇಗ ಕಂದಾಗುತ್ತಿದ್ದರೆ ಕೆಳಗಿನದನ್ನು ಮಾತ್ರ ಇಟ್ಟುಕೊಳ್ಳಿ.

ಬಣ್ಣ ಇದೆ, ಗರಿ ಇಲ್ಲ ಅಂದರೆ

ಹೂರಣದ ನೀರು ನೋಡಿ. ಹ್ಯಾಲೋವೀನ್‌ಗೆ ಮುಖ ಕೆತ್ತುವ ದೊಡ್ಡ ಕುಂಬಳಕಾಯಿ ಉಳಿದಿದೆ ಅಂತ ಅದರಲ್ಲೇ ಪೈ ಮಾಡಲು ಹೋಗಬೇಡಿ. ಅದು ನಾರು ನಾರು, ಬರೀ ನೀರು. ಡಬ್ಬಿಗೆ ಹೋಗುವುದು ಡಿಕಿನ್ಸನ್ ಅನ್ನುವ ತಳಿ. ಕಿತ್ತಳೆ ಬಣ್ಣವಿಲ್ಲದ ಕಂದು ಸಿಪ್ಪೆ, ಬಟರ್‌ನಟ್ ಸ್ಕ್ವಾಷ್ ಅನ್ನುವ ಉದ್ದನೆಯ ಸಿಹಿ ಕುಂಬಳದ್ದೇ ಜಾತಿ. ನಮ್ಮೂರ ಸಿಹಿಗುಂಬಳವೂ ಹೆಚ್ಚಾಗಿ ಅದೇ ಜಾತಿಯದು. ಹಾಗಾಗಿ ಹಸಿ ಕಾಯಿಯಿಂದ ಮಾಡುವುದಾದರೆ ಬಟರ್‌ನಟ್ ಅಥವಾ ಸಿಹಿಗುಂಬಳ ಆರಿಸಿ. ಎರಡು ಹೋಳು ಮಾಡಿ, ಬೋರಲು ಹಾಕಿ ಓವನ್‌ನಲ್ಲಿ ಬೇಯಿಸಿ. ನೀರಿನಲ್ಲಿ ಬೇಯಿಸಬೇಡಿ. ತಿರುಳನ್ನು ರುಬ್ಬಿ, ಶ್ರೀಖಂಡಕ್ಕೆ ಮೊಸರು ಕಟ್ಟುವ ಹಾಗೆ ಬಟ್ಟೆಯಲ್ಲಿ ಒಂದೆರಡು ಗಂಟೆ ಕಟ್ಟಿಡಿ.

ಡಬ್ಬಿಯದಾದರೂ ಒಂದು ಕೆಲಸ ಮಾಡಿ. 425 ಗ್ರಾಂ ತಿರುಳನ್ನು ಅಗಲ ಬಾಣಲೆಗೆ ಹಾಕಿ ಐದಾರು ನಿಮಿಷ ಕೈಯಾಡಿಸಿ. ಮೊದಲು ಪಚಪಚ ಅನ್ನುತ್ತದೆ. ಆಮೇಲೆ ಸದ್ದು ಅಡಗಿ, ಸೌಟಿನ ಹಿಂದೆ ಬಾಣಲೆಯ ತಳ ಕ್ಷಣ ಹೊತ್ತು ಕಾಣುತ್ತದೆ. ಡಬ್ಬಿಯ ವಾಸನೆ ಹೋಗಿ ಹಲ್ವದ ಘಮ ಬರುತ್ತದೆ. ಆಗ ಮುಕ್ಕಾಲು ಕಪ್ ಸಕ್ಕರೆ, ಚಕ್ಕೆ ಪುಡಿ, ಒಣಶುಂಠಿ, ಚೂರು ಲವಂಗ, ಉಪ್ಪು ಹಾಕಿ ಒಲೆ ಆರಿಸಿ. ಒಂದು ಡಬ್ಬಿ (354 ಮಿಲಿ) ಇವ್ಯಾಪರೇಟೆಡ್ ಹಾಲು, ಅಂದರೆ ಸಕ್ಕರೆ ಹಾಕದೆ ನೀರಿನಂಶ ಇಂಗಿಸಿದ ಹಾಲು, ಸೇರಿಸಿ. ಉಗುರು ಬೆಚ್ಚಗಾದ ಮೇಲೆ ಎರಡು ಮೊಟ್ಟೆ. ಬಿಸಿ ಇರುವಾಗಲೇ ಮೊಟ್ಟೆ ಹಾಕಿದರೆ ಗಂಟಾಗುತ್ತದೆ. ಈ ಬೆಚ್ಚನೆ ಹೂರಣ ಬಿಸಿ ಕ್ರಸ್ಟಿಗೆ ಬೀಳಬೇಕು. ತಣ್ಣಗಿನದು ಬಿದ್ದರೆ ಅದು ಕಾಯುವಷ್ಟು ಹೊತ್ತೂ ಕಣಕ ನೆನೆಯುತ್ತಲೇ ಇರುತ್ತದೆ. ಆಳವಿಲ್ಲದ ತಟ್ಟೆಯಾದರೆ ಸ್ವಲ್ಪ ಹೂರಣ ಉಳಿಯುತ್ತದೆ. ತುಂಬಿ ತುಳುಕಿಸಬೇಡಿ, ಅಂಚಿನಿಂದ ಹೊರಗೆ ಇಳಿದು ತಳ ಸೇರುತ್ತದೆ.

ಡಬ್ಬಿ ಕೊಳ್ಳುವಾಗ ಹೆಸರು ಎರಡು ಸಲ ಓದಿ. ಒಮ್ಮೆ ನಾನು ಇವ್ಯಾಪರೇಟೆಡ್ ಬದಲು ಕಂಡೆನ್ಸ್‌ಡ್ ಹಾಲು ತಂದಿದ್ದೆ. ಊರಲ್ಲಿ ಡಬ್ಬಿ ಹಾಲು ಅಂದರೆ ಅದೇ ಅಲ್ವಾ? ಅದರಲ್ಲಿ ಸಕ್ಕರೆ ಇರುತ್ತದೆ, ಇದರಲ್ಲಿ ಇಲ್ಲ. ಹಾಗೆಯೇ "ಪಂಪ್ಕಿನ್ ಪೈ ಫಿಲ್ಲಿಂಗ್" ಅನ್ನುವ ಡಬ್ಬಿಯಲ್ಲಿ ಸಕ್ಕರೆ, ಮಸಾಲೆ ಮೊದಲೇ ಸೇರಿರುತ್ತದೆ. ನಮಗೆ ಬೇಕಾದ್ದು ಬರೀ ಕುಂಬಳಕಾಯಿ ತಿರುಳು.

ಬಿಸಿ ಪೈಯನ್ನು ಮುಚ್ಚಿ ಫ್ರಿಜ್‌ಗೆ ಹಾಕಿದರೂ ಬೆವರು ಕಟ್ಟಿ ಕ್ರಸ್ಟ್ ಮೆತ್ತಗಾಗುತ್ತದೆ. ಜಾಲರಿ ಮೇಲೆ ಆರಲು ಬಿಡಿ, ತಳಕ್ಕೂ ಗಾಳಿ ಆಡಲಿ. ಎರಡು ಗಂಟೆ ಆದ ಮೇಲೆ ಫ್ರಿಜ್. ಹಾಲು ಮೊಟ್ಟೆಯ ತಿಂಡಿ, ಅದಕ್ಕಿಂತ ಜಾಸ್ತಿ ಹೊರಗಿಡಬಾರದು.

ಗಿಣ್ಣು ನೋಡಿದವರಿಗೆ ಬಿರುಕು ಅರ್ಥವಾಗುತ್ತದೆ

ಹೂರಣ ಹಾಕಿದ ಮೇಲೆ 350 ಡಿಗ್ರಿ, ಸುಮಾರು 40ರಿಂದ 50 ನಿಮಿಷ. ನಾನು 35ಕ್ಕೇ ನೋಡಲು ಶುರು ಮಾಡುತ್ತೇನೆ. ತಟ್ಟೆಯನ್ನು ಮೆಲ್ಲಗೆ ಅಲುಗಿಸಿ. ಅಂಚಿನ ಕಡೆ ಗಟ್ಟಿ ನಿಂತು, ನಡುವೆ ಎರಡು ಇಂಚು ಮಾತ್ರ ಗಿಣ್ಣಿನ ಹಾಗೆ ನಡುಗಬೇಕು. ನೀರಿನ ಹಾಗೆ ಅಲೆ ಬಂದರೆ ಇನ್ನೂ ಬೇಕು. ನಡುಗುತ್ತಿರುವಾಗಲೇ ಹೊರಗೆ ತೆಗೆಯಿರಿ, ಉಳಿದದ್ದು ತನ್ನ ಬಿಸಿಯಲ್ಲೇ ಆಗುತ್ತದೆ.

ಗಿಣ್ಣು ಜಾಸ್ತಿ ಬೆಂದರೆ ತೂತು ತೂತಾಗಿ ನೀರು ಬಿಡುತ್ತದೆ. ಪೈಯೂ ಅಷ್ಟೆ. ಬಿರುಕು ಬಿಟ್ಟಿದೆ, ಮಾರನೇ ದಿನ ಮೇಲೆ ನೀರು ನಿಂತಿದೆ, ತಳ ಮತ್ತೆ ನೆನೆದಿದೆ ಅಂದರೆ ಮೂರಕ್ಕೂ ಕಾರಣ ಒಂದೇ, ಹೆಚ್ಚು ಬೆಂದಿದೆ. ಚಾಕು ಚುಚ್ಚಿ, ಪೂರ್ತಿ ಸ್ವಚ್ಛವಾಗಿ ಬರಲಿ ಅಂತ ನಡುವಿನಲ್ಲೇ ಪರೀಕ್ಷೆ ಮಾಡುತ್ತಾ ಕಾದರೆ ಹೀಗಾಗುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ 175ಕ್ಕೆ ನಿಲ್ಲಿಸಿ. ಅಷ್ಟರೊಳಗೆ ಕ್ರಸ್ಟಿನ ಅಂಚು ಕಪ್ಪಾಗುತ್ತಿದ್ದರೆ ಫಾಯಿಲ್‌ನ ಬಳೆ ಮಾಡಿ ಅಂಚಿಗೆ ಮಾತ್ರ ಮುಚ್ಚಿ.

ಕ್ರಸ್ಟ್ ಕುಗ್ಗಿದರೆ, ಗಟ್ಟಿಯಾದರೆ

ಇದು ನಮ್ಮ ಕೈಯ ಅಭ್ಯಾಸದಿಂದ ಬರುವ ದೋಷ. ಚಪಾತಿ ಹಿಟ್ಟು ನಾದಿದಷ್ಟೂ ಒಳ್ಳೆಯದು. ಇಲ್ಲಿ ನಾದಲೇಬಾರದು. ಹಿಟ್ಟು ಉದುರುದುರಾಗಿ, ಮುಷ್ಟಿಯಲ್ಲಿ ಒತ್ತಿದರೆ ಮಾತ್ರ ಕೂಡಿಕೊಳ್ಳುವ ಹಾಗಿರಬೇಕು. ಬಟಾಣಿ ಗಾತ್ರದ ಬೆಣ್ಣೆ ಚೂರು ಕಣ್ಣಿಗೆ ಕಾಣಬೇಕು. ಚಿರೋಟಿಯಲ್ಲಿ ಪದರಗಳ ನಡುವೆ ಸವರುವ ಸಾಟಿ ಮಾಡುವ ಕೆಲಸವನ್ನೇ ಇಲ್ಲಿ ಆ ಚೂರುಗಳು ಮಾಡುತ್ತವೆ. ಓವನ್‌ನಲ್ಲಿ ಬೆಣ್ಣೆ ಕರಗಿ, ಅದರೊಳಗಿನ ನೀರು ಆವಿಯಾಗಿ ಪದರ ಎಬ್ಬಿಸುತ್ತದೆ. ತುಪ್ಪದಲ್ಲಿ ನೀರೇ ಇಲ್ಲ. ಹಾಗಾಗಿ ತುಪ್ಪ ಹಾಕಿದರೆ ನಾನ್‌ಕಟಾಯಿಯಂಥ ಮರಳು ಮರಳು ಕ್ರಸ್ಟ್ ಬರುತ್ತದೆ, ಪದರ ಬರಲ್ಲ. ರುಚಿ ಮಾತ್ರ ಚೆನ್ನಾಗಿರುತ್ತದೆ.

ಗೋಡೆ ಕುಗ್ಗಿ ಕೆಳಗೆ ಜಾರಿದರೆ, ತಟ್ಟೆಗೆ ಹಾಸುವಾಗ ಹಿಟ್ಟನ್ನು ಎಳೆದಿದ್ದೀರಿ, ಅಥವಾ ವಿಶ್ರಾಂತಿ ಕೊಟ್ಟಿಲ್ಲ. ಎಳೆಯಬೇಡಿ, ಎತ್ತಿ ಮೂಲೆಗೆ ಇಳಿಬಿಡಿ.

ಮೊಟ್ಟೆ ಇಲ್ಲದ ಪೈಗೆ ಲೆಕ್ಕ ಬೇರೆ

ಅತ್ತೆಗಾಗಿ ಕಲಿತದ್ದು ಇದು. ಎರಡು ಮೊಟ್ಟೆಯ ಬದಲು ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣನೆ ಹಾಲಿನಲ್ಲಿ ಕದಡಿ ಹಾಕುತ್ತೇನೆ. ಇಲ್ಲಿ 175ರ ಲೆಕ್ಕ ನಡೆಯಲ್ಲ. ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗಲು ಕುದಿಯುವ ಹತ್ತಿರದ ಬಿಸಿ ಬೇಕು. ಅಂಚಿನಲ್ಲಿ ಗುಳ್ಳೆ ಬರುವವರೆಗೂ ಬಿಡಿ. ಬೇಗ ತೆಗೆದರೆ ಎಷ್ಟು ಹೊತ್ತು ಆರಿಸಿದರೂ ನೀರಾಗೇ ಇರುತ್ತದೆ. ಪೂರ್ತಿ ತಣ್ಣಗಾಗಿ, ರಾತ್ರಿ ಫ್ರಿಜ್‌ನಲ್ಲಿದ್ದ ಮೇಲೆಯೇ ಕತ್ತರಿಸಿ. ಮೊಟ್ಟೆಯ ಪೊರೆ ಇಲ್ಲವಲ್ಲ, ಅದಕ್ಕೆ ಬೆಂದ ಕ್ರಸ್ಟಿನ ತಳಕ್ಕೆ ಮಾರಿ ಬಿಸ್ಕತ್ತಿನ ನುಣ್ಣನೆ ಪುಡಿ ಎರಡು ಚಮಚ ಉದುರಿಸಿ. ಜಿನುಗುವ ನೀರನ್ನು ಅದು ಹೀರಿಕೊಳ್ಳುತ್ತದೆ.

ಈಗಾಗಲೇ ಮೇಜಿನ ಮೇಲೆ ಹಸಿ ಪೈ ಇದ್ದರೆ

ಇನ್ನೂ ಕತ್ತರಿಸಿಲ್ಲ, ಲೋಹದ ತಟ್ಟೆ ಅಂದರೆ ಒಂದು ಅವಕಾಶ ಇದೆ. ಓವನ್ 375ಕ್ಕೆ ಕಾಯಿಸಿ, ಕಾದ ಶೀಟಿನ ಮೇಲೆ, ಎಲ್ಲಕ್ಕಿಂತ ಕೆಳಗಿನ ರ್ಯಾಕಿನಲ್ಲಿ 12ರಿಂದ 15 ನಿಮಿಷ ಇಡಿ. ಮೇಲೆ ಫಾಯಿಲ್ ಸಡಿಲವಾಗಿ ಮುಚ್ಚಿ. ಹೂರಣ ಸ್ವಲ್ಪ ಬಿರಿಯಬಹುದು, ಅದನ್ನು ಕ್ರೀಮ್ ಮುಚ್ಚುತ್ತದೆ. ಬಣ್ಣ ಬಂದಿದ್ದು ಬರೀ ಮೆತ್ತಗಾದ ತಳ ಇದರಿಂದ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಬೆಳ್ಳಗಿರುವ ಹಸಿ ಹಿಟ್ಟು ಮಾತ್ರ ಪೂರ್ತಿ ಸರಿಹೋಗಲ್ಲ. ಅದನ್ನು ಯಾರಿಗೂ ತಿನ್ನಲು ಕೊಡಬೇಡಿ, ಹಸಿ ಮೈದಾ ಹೊಟ್ಟೆಗೆ ಒಳ್ಳೆಯದಲ್ಲ. ಹೂರಣವನ್ನಷ್ಟೇ ಚಮಚದಲ್ಲಿ ತೆಗೆದು ಸಣ್ಣ ಗ್ಲಾಸುಗಳಿಗೆ ಹಾಕಿ, ಬೆಂದ ಅಂಚಿನ ಚೂರುಗಳನ್ನು ಮೇಲೆ ಪುಡಿ ಮಾಡಿ ಉದುರಿಸಿ ಕೊಡಿ.